ಒಂಬತ್ತನೇ ಪ್ರಶ್ನೆ

ಮಂಡಿಪೇಟೆ, ದಾವಣಗೆರೆ
೧೦ ಫೆಬ್ರವರಿ ೨೦೨೫

ರಹೀಮ್ ಸಾಹೇಬರಿಗೆ ವಾಮದೇವಪ್ಪನ ನಮಸ್ಕಾರಗಳು.

ಇವನೇನು ಫೋನು ಬಿಟ್ಟು ಕಾಗದ ಬರೆದಿದ್ದಾನೆ ಎಂದು ನೀವು ಕನ್ನಡಕವನ್ನು ಹಣೆಗೇರಿಸಿಕೊಂಡು ನೋಡುತ್ತಿರುತ್ತೀರಿ. ನನ್ನ ಫೋನು ಈಗ ಮಗಳು ಕೃತಿಕಾಳ ಕೈಯಲ್ಲಿರುತ್ತದೆ. ಬಂದ ಮೆಸೇಜನ್ನೆಲ್ಲ ಅವಳೇ ಓದಿ ಹೇಳುತ್ತಾಳೆ. ಯಾಕೆಂದು ಕೆಳಗೆ ಬರೆದಿದ್ದೇನೆ. ನೀವೂ ಉತ್ತರವನ್ನು ಅಂಚೆಯಲ್ಲೇ ಹಾಕಿ. ಅಂಗಡಿ ವಿಳಾಸಕ್ಕೆ ಹಾಕಿ, ಮನೆಗೆ ಬೇಡ.

ಕಾರಿನ ಇನ್ಶೂರೆನ್ಸ್ ಇದೇ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಯಥಾಪ್ರಕಾರ ಫಾರ್ಮಿನಲ್ಲಿ ನೀವು ಪೆನ್ಸಿಲ್ ಗುರುತು ಹಾಕಿದ ಮೂರೂ ಕಡೆ ಸಹಿ ಮಾಡಿ ಕಳಿಸಿದ್ದೇನೆ. ಉಳಿದದ್ದನ್ನು ನೀವು ತುಂಬಿಕೊಳ್ಳಿ. ಹಳೇ ಓಮ್ನಿ ಕಾಲದಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ ನಡೆದುಬಂದ ಪದ್ಧತಿ. ನನ್ನ ಹುಟ್ಟಿದ ತಾರೀಖು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇನ್ನು ಆ ವಿಷಯ. ಯಾರಾದರೂ ನಿಮ್ಮ ಕಿವಿಗೆ ಹಾಕಿಯೇ ಹಾಕುತ್ತಾರೆ, ನಾನೇ ಹೇಳಿಬಿಡುತ್ತೇನೆ. ಡಿಸೆಂಬರ್ ಇಪ್ಪತ್ತೆಂಟರಂದು ಕುಕ್ಕುವಾಡದ ಉಜ್ಜನಪ್ಪ, ನಮ್ಮಲ್ಲಿ ಮೋಟರ್ ಪಂಪು ಒಯ್ಯುವ ಗಿರಾಕಿ, ಹೊಸ ಬೋರಿಗೆ ನೀರು ಬಿತ್ತೆಂದು ತೋಟದಲ್ಲಿ ಊಟ ಹಾಕಿಸಿದ್ದ. ಎರಡು ಪೆಗ್ ಆಯಿತು. ಬರುವಾಗ ಬೈಪಾಸಿನಲ್ಲಿ ಪೊಲೀಸರು ನಿಲ್ಲಿಸಿ ಊದಿಸಿದರು. ಜನವರಿ ಹದಿಮೂರಕ್ಕೆ ಕೋರ್ಟಿನಲ್ಲಿ ಹತ್ತು ಸಾವಿರ ಕಟ್ಟಿದೆ. ಲೈಸೆನ್ಸ್ ಆರು ತಿಂಗಳು ಅಮಾನತು, ಜುಲೈ ಹನ್ನೆರಡಕ್ಕೆ ವಾಪಸ್. ಯಾರಿಗೂ ತಾಗಿಲ್ಲ, ಗಾಡಿಗೆ ಒಂದು ಗೀರೂ ಬಿದ್ದಿಲ್ಲ. ದುಡ್ಡು ಕಟ್ಟಿದೆ, ಮುಗಿಯಿತು. ಅದನ್ನು ಫಾರ್ಮಿನಲ್ಲಿ ಎತ್ತುವ ಅಗತ್ಯವಿಲ್ಲ.

ಮನೆಯಲ್ಲಿ ಹೇಳಿಲ್ಲ. ಗಾಡಿ ಯಾಕೆ ಓಡಿಸುತ್ತಿಲ್ಲ ಎಂದು ಮನೆಯವಳು ದ್ರಾಕ್ಷಾಯಣಮ್ಮ ಕೇಳಿದಾಗ ಬಾಯಿಗೆ ಬಂದದ್ದು ಕಣ್ಣು. ಕಣ್ಣಿನಲ್ಲಿ ಪ್ರೆಶರ್ ಇದೆ, ಆರು ತಿಂಗಳು ಸ್ಟಿಯರಿಂಗ್ ಮುಟ್ಟಬೇಡಿ ಅಂದಿದ್ದಾರೆ ಡಾಕ್ಟ್ರು ಎಂದುಬಿಟ್ಟೆ. ಅಲ್ಲಿಂದ ಫೋನು ಓದುವ ಕೆಲಸ ಕೃತಿಕಾಳದ್ದಾಯಿತು, ಗಾಡಿಯೂ ಅವಳದ್ದೇ. ನಿಮ್ಮೂರಿನ ಬೀಜ ಪರೀಕ್ಷಾ ಲ್ಯಾಬಿನಲ್ಲಿ ಅವಳಿಗೆ ಕೆಲಸವಲ್ಲವೇ, ನನ್ನನ್ನು ಅಂಗಡಿಗೆ ಬಿಟ್ಟು ದಿನಾ ಹರಿಹರಕ್ಕೆ ಬಂದು ಹೋಗುತ್ತಾಳೆ. ಆದ್ದರಿಂದ ಪಾಲಿಸಿ ಒಂದು ದಿನವೂ ತಪ್ಪಬಾರದು.

ನಿಮ್ಮ ಮನೆಯವರು ಅಮೀನಾಬೀಯವರಿಗೆ ನಮಸ್ಕಾರ ತಿಳಿಸಿ.

ನಿಮ್ಮ,
ವಾಮದೇವಪ್ಪ


ಹರಿಹರ
೧೪ ಫೆಬ್ರವರಿ ೨೦೨೫

ವಾಮದೇವಪ್ಪನವರಿಗೆ ಅಬ್ದುಲ್ ರಹೀಮನ ಸಲಾಮು.

ಕಾಗದ ತಲುಪಿತು. ನೀವು ಸಹಿ ಮಾಡಿದ ಫಾರ್ಮನ್ನು ವಾಪಸ್ ಕಳಿಸಿದ್ದೇನೆ. ಜೊತೆಗೆ ಹೊಸದೊಂದು ಖಾಲಿ ಫಾರ್ಮಿದೆ. ಈ ಸಲ ನಿಮ್ಮ ಕೈಯಾರೆ ತುಂಬಿ ಕಳಿಸಬೇಕು.

ಒಂಬತ್ತನೇ ಪ್ರಶ್ನೆ ಹೀಗಿದೆ: ಕಳೆದ ಮೂರು ವರ್ಷಗಳಲ್ಲಿ ಮಾಲೀಕರಿಗಾಗಲಿ ಓಡಿಸುವವರಿಗಾಗಲಿ ವಾಹನ ಚಾಲನೆಯ ಅಪರಾಧಕ್ಕೆ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ? ದಂಡವೂ ಶಿಕ್ಷೆಯೇ. ಉತ್ತರ ಹೌದು ಎಂದಾದರೆ ಕಂತು ಹದಿನಾಲ್ಕು ಸಾವಿರದ ಇನ್ನೂರರಿಂದ ಹದಿನೇಳು ಸಾವಿರದ ಆರುನೂರಕ್ಕೆ ಏರುತ್ತದೆ. ಪಾಲಿಸಿಯನ್ನೇನೂ ನಿರಾಕರಿಸುವುದಿಲ್ಲ. ನಿಮ್ಮ ಹೆಸರು ಹೇಳದೆ ಕಂಪನಿಯ ಆಫೀಸಿನಲ್ಲಿ ವಿಚಾರಿಸಿಯೇ ಬರೆಯುತ್ತಿದ್ದೇನೆ.

ಕಣ್ಣಿನ ವಿಷಯ ನಿಮ್ಮ ಮನೆಯದು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ.

ಇಪ್ಪತ್ತೈದರೊಳಗೆ ಕಳಿಸಿದರೆ ಅನುಕೂಲ.

ಅಬ್ದುಲ್ ರಹೀಮ್


ದಾವಣಗೆರೆ
೧೭ ಫೆಬ್ರವರಿ ೨೦೨೫

ಸಾಹೇಬರಿಗೆ,

ಭೇಷ್! ಇಪ್ಪತ್ತೆರಡು ವರ್ಷ ಸಹಿ ಮಾಡಿದೆ, ಅದರಲ್ಲಿ ಒಂಬತ್ತು ಪ್ರಶ್ನೆಗಳಿವೆ ಎಂದು ಇವತ್ತು ತಿಳಿಯಿತು. ಕುಂಟುವ ಓಮ್ನಿಗೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದ ಕೈ ಯಾರದು? ಅಂಗಡಿಯ ಟೆಂಪೋ ರಾತ್ರಿಯೆಲ್ಲ ರಸ್ತೆಯಲ್ಲಿ ನಿಲ್ಲುತ್ತಿದ್ದಾಗ ‘ಶೆಡ್ಡಿನಲ್ಲಿ’ ಎಂದು ತುಂಬಿದವರು ಯಾರು? ಆಗ ಯಾವ ಪ್ರಶ್ನೆಯೂ ನಿಮಗೆ ಅಡ್ಡ ಬರಲಿಲ್ಲ.

ನನಗೆ ಅರ್ಥವಾಗದ್ದೇನಲ್ಲ. ನೀವು ಐದು ಹೊತ್ತಿನ ನಮಾಜಿನವರು. ನನ್ನ ಎರಡು ಪೆಗ್ಗು ನಿಮಗೆ ಹೇಸಿಗೆಯಾಗಿದೆ. ಅದನ್ನು ನೇರ ಹೇಳಬಹುದಿತ್ತು. ಫಾರ್ಮು ಕಳಿಸಿ ನನ್ನ ಕೈಯಲ್ಲೇ ‘ನಾನು ಕುಡುಕ’ ಎಂದು ಬರೆಸುವ ಶಿಕ್ಷೆ ಕೋರ್ಟೂ ಕೊಟ್ಟಿರಲಿಲ್ಲ. ಹೆಚ್ಚಿನ ಮೂರು ಸಾವಿರದ ನಾಲ್ಕುನೂರು ನನಗೆ ಲೆಕ್ಕವಲ್ಲ. ಆದರೆ ಪಾಲಿಸಿ ಗಾಡಿಯಲ್ಲೇ ಇರುತ್ತದೆ. ಅದರಲ್ಲಿ ಹೆಚ್ಚುವರಿ ಕಂತಿನ ಕಾರಣ ಅಚ್ಚಾಗಿರುತ್ತದೆ. ಗಾಡಿ ಓಡಿಸುವವಳು ನನ್ನ ಮಗಳು.

ಇಲ್ಲ ಎಂದು ಬರೆದು ಮುಗಿಸಿ. ನಿಮ್ಮಿಂದ ಕೇಳುತ್ತಿರುವುದು ಇಷ್ಟೇ.

ವಾಮದೇವಪ್ಪ


ಹರಿಹರ
೨೦ ಫೆಬ್ರವರಿ ೨೦೨೫

ವಾಮದೇವಪ್ಪನವರಿಗೆ,

ನಿಮ್ಮ ಪೆಗ್ಗಿಗೂ ನನ್ನ ನಮಾಜಿಗೂ ಸಂಬಂಧವಿಲ್ಲ. ಅಮೀನಾಬೀಗೆ ತಿಳಿಯದಂತೆ ನಾನು ಮೂವತ್ತು ವರ್ಷದಿಂದ ಬೀಡಿ ಸೇದುತ್ತಿದ್ದೇನೆ. ದಾವಣಗೆರೆಗೆ ಬಂದಾಗ ನಿಮ್ಮ ಗೋಡೌನಿನ ಹಿಂದೆಯೇ ಸೇದುವುದು. ನೀವೇ ಎಷ್ಟೋ ಸಲ ಕಡ್ಡಿ ಗೀರಿ ಕೊಟ್ಟಿದ್ದೀರಿ.

ಶೆಡ್ಡು, ಸುಸ್ಥಿತಿ ಎಲ್ಲ ನಾನೇ ಬರೆದದ್ದು. ಒಪ್ಪುತ್ತೇನೆ.

ಭಾನುವಳ್ಳಿಯ ಒಬ್ಬರ ಕ್ಲೇಮು ಹೋದ ವರ್ಷ ತಿರಸ್ಕಾರವಾಯಿತು. ಗಾಡಿ ನಾಲೆಗೆ ಬಿದ್ದಿತ್ತು. ಪಾಲಿಸಿ ಇತ್ತು, ಕಂತು ಕಟ್ಟಿದ್ದರು, ಫಾರ್ಮಿನಲ್ಲಿ ಒಂದು ಉತ್ತರ ಸುಳ್ಳಿತ್ತು. ಕಂಪನಿಯವರು ದುಡ್ಡು ತೆಗೆದುಕೊಳ್ಳುವಾಗ ಓದುವುದಿಲ್ಲ, ಕೊಡುವಾಗ ಅಕ್ಷರಕ್ಷರ ಓದುತ್ತಾರೆ. ಹಾಗೆ ಮಾಡಿಸಿದ ಪಾಲಿಸಿ ಗಾಡಿಯಲ್ಲಿದ್ದೂ ಇಲ್ಲದಂತೆ.

ಗಾಡಿ ಓಡಿಸುವವಳು ಮಗಳು ಎಂದು ನೀವೇ ಬರೆದಿದ್ದೀರಿ. ನಾನು ಹೇಳುತ್ತಿರುವುದೂ ಅದನ್ನೇ.

ಅಬ್ದುಲ್ ರಹೀಮ್


ದಾವಣಗೆರೆ
೨೪ ಫೆಬ್ರವರಿ ೨೦೨೫

ಶ್ರೀ ಅಬ್ದುಲ್ ರಹೀಮ್ ಅವರಿಗೆ,

ನಮ್ಮ ಬೀದಿಯಲ್ಲೇ ಬಕ್ಕೇಶ್ ಎಂಬ ಹುಡುಗ ಏಜೆನ್ಸಿ ತೆರೆದಿದ್ದಾನೆ. ಅವನ ಫೋನಿನಲ್ಲೇ ಐದು ನಿಮಿಷದಲ್ಲಿ ಪಾಲಿಸಿ ಆಯಿತು. ಒಂಬತ್ತನೇ ಪ್ರಶ್ನೆ ಅಲ್ಲೂ ಇತ್ತು. ‘ಇಲ್ಲ’ ಎಂಬುದನ್ನು ಬೆರಳಲ್ಲಿ ಒತ್ತಿದ, ಹೋಯಿತು. ನನಗೆ ಬುದ್ಧಿಮಾತನ್ನೂ ಹೇಳಲಿಲ್ಲ.

ನಿಮ್ಮ ಖಾಲಿ ಫಾರ್ಮನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಇಷ್ಟು ವರ್ಷದ ಸೇವೆಗೆ ವಂದನೆಗಳು.

ಕೆ. ವಾಮದೇವಪ್ಪ


ಹರಿಹರ
೨೨ ಏಪ್ರಿಲ್ ೨೦೨೫

ವಾಮದೇವಪ್ಪನವರಿಗೆ,

ನೀವು ಕೇಳದೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ.

ನಿನ್ನೆ ಮಧ್ಯಾಹ್ನ ಊಟದ ವೇಳೆಗೆ ಕೃತಿಕಾ ನನ್ನ ಆಫೀಸಿಗೆ ಬಂದಿದ್ದಳು. ಕುರ್ಚಿಯಲ್ಲಿ ಕೂರುತ್ತಲೇ, “ಕಾಕಾ, ಪಾಲಿಸಿ ಮ್ಯಾಲೆ ಈ ಸಲ ನಿಮ್ಮ ಸೀಲಿಲ್ಲ. ಅಪ್ಪಾಜಿ ಜೊತೆ ಜಗಳ ಆಯ್ತೇನು?” ಎಂದಳು. ಇಲ್ಲಮ್ಮ, ನನಗೆ ವಯಸ್ಸಾಯಿತು, ಗಿರಾಕಿಗಳನ್ನು ಕಡಿಮೆ ಮಾಡುತ್ತಿದ್ದೇನೆ ಎಂದೆ.

ಅವಳು ಬಂದದ್ದು ಅದಕ್ಕಲ್ಲ. ಹುಬ್ಬಳ್ಳಿಯ ದೊಡ್ಡ ಕಣ್ಣಾಸ್ಪತ್ರೆಯಲ್ಲಿ ನನಗೆ ಯಾರಾದರೂ ಗೊತ್ತಿದ್ದಾರೆಯೇ ಎಂದು ಕೇಳಲು ಬಂದದ್ದು. ಮೂರು ತಿಂಗಳು ಡ್ರಾಪ್ಸ್ ಹಾಕಿದರೂ ನಿಮಗೆ ಪೇಪರಿನ ಅಕ್ಷರ ಕಾಣುತ್ತಿಲ್ಲವಂತೆ. ಡಾಕ್ಟರ ಚೀಟಿ ಕೇಳಿದರೆ ನೀವು ಸಿಡುಕುತ್ತೀರಂತೆ. ಬಹುಶಃ ಕಣ್ಣು ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿರಬೇಕು, ಅಪ್ಪಾಜಿ ನಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದು ಅವಳು ಲೆಕ್ಕ ಹಾಕಿದ್ದಾಳೆ. ಹೇಳುವಾಗ ಅತ್ತಳು.

ಇನ್ನೊಂದು ವಿಷಯ. ಕಳೆದ ವರ್ಷ ಬರೆದ ಪರೀಕ್ಷೆಯಲ್ಲಿ ಅವಳಿಗೆ ಸಹಾಯಕ ಕೃಷಿ ಅಧಿಕಾರಿಯ ಕೆಲಸ ಆಗಿದೆ. ಆದೇಶ ಬಂದು ಹತ್ತು ದಿನವಾಯಿತು. ಊರು ರಾಯಚೂರು. ಮೇ ಮೂವತ್ತೊಂದರೊಳಗೆ ಹಾಜರಾಗಬೇಕು. ಆದೇಶದ ಲಕೋಟೆ ಅವಳ ಬ್ಯಾಗಿನಲ್ಲೇ ಇದೆ, ಮನೆಯಲ್ಲಿ ತೋರಿಸಿಲ್ಲ. “ನಾ ರಾಯಚೂರಿಗೆ ಹೋದ್ರೆ ಅಪ್ಪಾಜಿನ ಅಂಗಡಿಗೆ ಬಿಡೋರ್ಯಾರು? ಅಮ್ಮಗೆ ಸೈಕಲ್ಲೂ ಬರಲ್ಲ. ನಾ ಹೋಗಲ್ಲ ಕಾಕಾ. ಮನ್ಯಾಗೆ ಹೇಳಬ್ಯಾಡ್ರಿ” ಎಂದಳು. ಹೇಳಬೇಡಿ ಎಂದಳು, ಬರೆಯಬೇಡಿ ಎನ್ನಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿಜವೇನೆಂದು ನಾನು ಅವಳಿಗೆ ಹೇಳಲಿಲ್ಲ. ಚಹಾ ತರಿಸಿ ಕೊಟ್ಟೆ. ಹುಬ್ಬಳ್ಳಿಯಲ್ಲಿ ವಿಚಾರಿಸುತ್ತೇನೆ ಎಂದೆ. ಅವಳು ಹೋದ ಮೇಲೆ ತಿಳಿಯಿತು, ಕಣ್ಣಿನ ಸುಳ್ಳನ್ನು ಉಳಿಸಿಕೊಟ್ಟು ನಿಮ್ಮ ಖಾಲಿ ಫಾರ್ಮನ್ನು ನಾನು ಮತ್ತೊಮ್ಮೆ ತುಂಬಿಕೊಟ್ಟಿದ್ದೇನೆ. ಇದು ನನಗೆ ಬಹಳ ಬೇಸರ ತಂದಿದೆ.

ಅಬ್ದುಲ್ ರಹೀಮ್


ದಾವಣಗೆರೆ
೨೬ ಏಪ್ರಿಲ್ ೨೦೨೫

ರಹೀಮ್ ಸಾಹೇಬರಿಗೆ,

ನಿಮ್ಮ ಕಾಗದವನ್ನು ಮೊದಲ ಸಲ ಓದಿ, ನನ್ನ ಮನೆಯ ವಿಷಯದಲ್ಲಿ ಮೂಗು ತೂರಿಸಲು ಇವರು ಯಾರು ಎಂದು ಮೇಜಿನ ಡ್ರಾಯರಿಗೆ ಎಸೆದೆ. ಸಂಜೆ ಮತ್ತೆ ತೆಗೆದು ಓದಿದೆ. ರಾಯಚೂರಿನ ವಿಷಯ ನನಗೆ ಗೊತ್ತಿರಲಿಲ್ಲ. ಈಚೆಗೆ ಅವಳು ಮಂಕಾಗಿದ್ದಳು. ಒಂದು ಗಂಡಿನ ಜಾತಕ ಬಂದಿತ್ತು, ಅದರ ಚಿಂತೆ ಇರಬೇಕು ಎಂದುಕೊಂಡಿದ್ದೆ.

ನಿಮಗೆ ನಗು ಬರಬಹುದು. ಹತ್ತು ಅಡಿ ದೂರದಿಂದ ಬೋಲ್ಟಿನ ಸೈಜು ಹೇಳುವ ನಾನು ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತೇನೆ. ಮೆಡಿಕಲ್ ಶಾಪಿನಲ್ಲಿ ಯಾವುದೋ ತಂಪಿನ ಡ್ರಾಪ್ಸ್ ತಂದಿಟ್ಟೆ, ದ್ರಾಕ್ಷಾಯಣಮ್ಮ ದಿನಕ್ಕೆ ಮೂರು ಹೊತ್ತು, ಪೂಜೆ ತಪ್ಪಿದರೂ ಅದು ತಪ್ಪದಂತೆ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಕುತ್ತಾಳೆ. ಬೆಳಿಗ್ಗೆ ಕೃತಿಕಾ ಪಕ್ಕದಲ್ಲಿ ಕೂತು ಪೇಪರು ಓದುತ್ತಾಳೆ. ಮಾರುಕಟ್ಟೆ ಧಾರಣೆ ಮೊದಲು, ಆಮೇಲೆ ಜಿಲ್ಲಾ ಸುದ್ದಿ. ತಪ್ಪು ಓದಿದರೆ ನಾನು ಅವಳ ಹೆಗಲ ಮೇಲಿಂದ ಕದ್ದು ನೋಡಿ ಸುಮ್ಮನಾಗುತ್ತೇನೆ.

ಒಂದು ಮಾತು ಹೇಳಬೇಕು, ಬೇರೆ ಯಾರಿಗೂ ಹೇಳುವಂತಿಲ್ಲ. ಮೊದಲು ಹೆದರಿಕೆಯಿಂದ ಮುಚ್ಚಿಟ್ಟೆ. ಆಮೇಲೆ ಹೆದರಿಕೆಯಿಂದ ಅಲ್ಲ. ಹೈಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಆ ಹುಡುಗಿ ನನ್ನ ಪಕ್ಕ ಕೂತದ್ದಿಲ್ಲ. ಅಂಗಡಿ ಅಂಗಡಿ ಎಂದು ನಾನೇ ಕೂರಿಸಿಕೊಳ್ಳಲಿಲ್ಲ. ಈಗ ದಿನಾ ಅರ್ಧ ಗಂಟೆ ಕೂರುತ್ತಾಳೆ, ಕಾರಿನಲ್ಲಿ ಇನ್ನೊಂದು ಕಾಲು ಗಂಟೆ. ನನಗೆ ಅದು ಇಷ್ಟವಾಗಿಬಿಟ್ಟಿತು. ಜುಲೈ ಬರದಿದ್ದರೂ ಆದೀತು ಎಂದು ಒಂದೆರಡು ಸಲ ಅನ್ನಿಸಿದ್ದುಂಟು.

ಇದಕ್ಕಾಗಿ ಅವಳು ಸರ್ಕಾರಿ ಕೆಲಸ ಬಿಡುತ್ತಾಳೆ ಎಂದು ಗೊತ್ತಿದ್ದರೆ ನಾನು ಹೀಗೆ ಮಾಡುತ್ತಿದ್ದೆನೇ? ಮಾಡುತ್ತಿರಲಿಲ್ಲ ಎಂದುಕೊಳ್ಳುತ್ತೇನೆ. ಈಗ ಬಾಯಿ ಬಿಡಬೇಕು. ಮೂರು ದಿನದಿಂದ ಪ್ರಯತ್ನಿಸುತ್ತಿದ್ದೇನೆ, ಅವಳು ಪೇಪರು ಹಿಡಿದು ಬಂದು ಕೂತಳೆಂದರೆ ಧಾರಣೆ ಓದು ಎಂದುಬಿಡುತ್ತೇನೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಬಕ್ಕೇಶನ ಪಾಲಿಸಿಯನ್ನು ಸರಿಪಡಿಸಲು ಬರುತ್ತದೆಯೇ? ಅದನ್ನಾದರೂ ಮೊದಲು ಮಾಡೋಣ.

ವಾಮದೇವಪ್ಪ


ಹರಿಹರ
೨೯ ಏಪ್ರಿಲ್ ೨೦೨೫

ಸಾವ್ಕಾರರಿಗೆ,

ಸರಿಪಡಿಸಬಹುದು. ನಿಜ ಬರೆದು ನನ್ನಲ್ಲಿ ಹೊಸ ಪಾಲಿಸಿ ಮಾಡಿಸಿ, ಅದು ಕೈಗೆ ಬಂದ ಮೇಲೆ ಬಕ್ಕೇಶನದನ್ನು ರದ್ದು ಮಾಡಿಸಿ. ಅವನಲ್ಲಿ ಕಟ್ಟಿದ ದುಡ್ಡು ಪೂರ್ತಿ ವಾಪಸ್ ಬರುವುದಿಲ್ಲ. ಎರಡು ಸಲ ಕಟ್ಟಿದಂತಾಗುತ್ತದೆ. ಬೇರೆ ದಾರಿ ಇಲ್ಲ.

ಫಾರ್ಮು ಇಟ್ಟಿದ್ದೇನೆ. ಇದು ಮೂರನೆಯದು. ಪೆನ್ಸಿಲ್ ಗುರುತು ಹಾಕಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ನಾನು ಮೂವತ್ತೈದು ವರ್ಷದಿಂದ ಫಾರ್ಮು ತುಂಬುವವನು. ನನಗೆ ಗೊತ್ತಿರುವುದು ಒಂದನೇ ಪ್ರಶ್ನೆಯಿಂದ ಶುರು ಮಾಡುವುದು.

ಫೆಬ್ರವರಿಯಲ್ಲಿ ನಾನೂ ಒಂದು ವಿಷಯ ಬರೆಯಲಿಲ್ಲ. ಇಷ್ಟು ವರ್ಷ ಒಂಬತ್ತನೆಯದಕ್ಕೆ ‘ಇಲ್ಲ’ ಎಂದು ಬರೆದದ್ದು ನಿಮ್ಮನ್ನು ಕೇಳಿ ಅಲ್ಲ. ಕೇಳಿದರೆ ನಿಮಗೆ ಬೇಸರವಾದೀತು, ಗಿರಾಕಿ ಕೈ ತಪ್ಪೀತು ಎಂದು ಸುಮ್ಮನೆ ತುಂಬುತ್ತಿದ್ದೆ. ಅದನ್ನು ಸೇವೆ ಎಂದುಕೊಂಡಿದ್ದೆ. ಹಿಂದೆಯೂ ಎಷ್ಟೋ ಸಲ ನೀವು ಕುಡಿದು ಗಾಡಿ ತಂದದ್ದನ್ನು ನಾನು ಕಂಡಿದ್ದೇನೆ. ಒಂದು ಸಲವಾದರೂ ಕೇಳಿದ್ದರೆ ಚೆನ್ನಾಗಿತ್ತು.

ಅಬ್ದುಲ್ ರಹೀಮ್


ದಾವಣಗೆರೆ
೬ ಮೇ ೨೦೨೫

ರಹೀಮ್ ಸಾಹೇಬರಿಗೆ,

ಫಾರ್ಮು, ಚೆಕ್ಕು ಎರಡೂ ಇದರೊಂದಿಗಿವೆ. ಫಾರ್ಮು ತುಂಬಿದವಳು ಕೃತಿಕಾ.

ಭಾನುವಾರ ಬೆಳಿಗ್ಗೆ ಅವಳು ಪೇಪರು ಹಿಡಿದು ಬಂದಾಗ, ಇವತ್ತು ಅದು ಬೇಡ, ಇದನ್ನು ಓದು, ನಾನು ಹೇಳಿದಂತೆ ಬರಿ ಎಂದು ಫಾರ್ಮು ಕೊಟ್ಟೆ. ಅವಳು ಒಂದೊಂದಾಗಿ ಓದುತ್ತಾ ಹೋದಳು. ಹೆಸರು, ವಯಸ್ಸು, ಗಾಡಿ ನಂಬರು. ಎಂಟರವರೆಗೆ ಸರಾಗವಾಗಿ ಬಂದೆವು.

“ಒಂಬತ್ತನೇದು ಕೋರ್ಟು ಶಿಕ್ಷೆ ಬಗ್ಗೆ ಅಪ್ಪಾಜಿ. ಇಲ್ಲ ಅಂತ ಹಾಕ್ತೀನಿ.”

“ಹಾಕಬ್ಯಾಡ. ಆಗೈತೆ ಅಂತ ಬರಿ. ಜನವರಿ ಹದಿಮೂರು.”

ಅವಳು ತಲೆ ಎತ್ತಿದಳು. “ಯಾರಿಗೆ?”

“ನನಗೇ. ಕುಡಿದು ಗಾಡಿ ಓಡಿಸಿದ್ದಕ್ಕೆ.”

ಬರೆದಳು. ನಿಮ್ಮ ಆಫೀಸಿನ ಗುಮಾಸ್ತರು ಕೇಳುವಂತೆ ಕೇಳಿದಳು, “ದಂಡ ಎಷ್ಟು?” ಹೇಳಿದೆ. “ಲೈಸೆನ್ಸು?” ಆರು ತಿಂಗಳು ಇಲ್ಲ, ಜುಲೈ ಹನ್ನೆರಡಕ್ಕೆ ಕೊಡುತ್ತಾರೆ ಎಂದೆ. ಅದನ್ನೂ ಬರೆದಳು. ಆಮೇಲೆ ಪೆನ್ನು ನಿಲ್ಲಿಸಿ, “ಕಣ್ಣು?” ಎಂದಳು.

ಆ ಪ್ರಶ್ನೆ ಫಾರ್ಮಿನಲ್ಲಿರಲಿಲ್ಲ. “ಕಣ್ಣು ಚೆನ್ನಾಗೈತವ್ವಾ. ಏನೂ ಆಗಿಲ್ಲ” ಎಂದೆ.

ದ್ರಾಕ್ಷಾಯಣಮ್ಮ ಡ್ರಾಪ್ಸ್ ಹಾಕುವ ಹೊತ್ತಾಯಿತೆಂದು ಬಾಟ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. “ಹಂಗಾರೆ ಇಷ್ಟು ದಿವ್ಸ ನಾ ಹಾಕಿದ್ದೇನ್ರೀ?” ಎಂದಳು. ಸಾಹೇಬರೇ, ಕೋರ್ಟಿನಲ್ಲಿ ನನಗೆ ನಾಚಿಕೆಯಾಗಿರಲಿಲ್ಲ. ಅಲ್ಲಿ ನನ್ನಂಥವರು ಸಾಲಾಗಿ ಹದಿನೇಳು ಮಂದಿ ನಿಂತಿದ್ದರು. ಇಲ್ಲಿ ಆಯಿತು.

ಕೃತಿಕಾ ಮತ್ತೂ ಸ್ವಲ್ಪ ಹೊತ್ತು ಏನೋ ಬರೆದಳು. ಇನ್ನೇನೂ ಕೇಳಲಿಲ್ಲ. ಕಡೆಗೆ ಕಾಗದ ನನ್ನ ಕಡೆ ತಿರುಗಿಸಿ, ದಿನಾ ಅಂಗಡಿಯ ಚೆಕ್ಕಿಗೆ ಸಹಿ ಹಾಕಿಸುವಾಗ ಮಾಡುವಂತೆ ಸಹಿಯ ಜಾಗದಲ್ಲಿ ಬೆರಳಿಟ್ಟಳು. ಇಟ್ಟವಳು ತಕ್ಷಣ ಬೆರಳು ತೆಗೆದಳು. “ಎಲ್ಲಿ ಅಂತ ನಿಮ್ಗೆ ಕಾಣ್ತೈತಲ್ಲ. ಹಾಕ್ರಿ” ಎಂದಳು. ಹಾಕಿದೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಲಕೋಟೆಗೆ ಹಾಕಿ ಅಂಟಿಸಿಯೂ ಕೊಟ್ಟಳು.

ಇವತ್ತಿಗೆ ಎರಡು ದಿನ, ಮಾತಿಲ್ಲ. ನಿನ್ನೆ ಅಂಗಡಿಗೆ ಆಟೋದಲ್ಲಿ ಹೋದೆ. ರಾಯಚೂರಿನ ಮಾತು ಎತ್ತಲು ನನಗೆ ಧೈರ್ಯವಿಲ್ಲ. ನಿಮ್ಮಿಂದ ತಿಳಿಯಿತೆಂದು ಹೇಳುವಂತೆಯೂ ಇಲ್ಲ. ಅವಳು ಹೋಗುತ್ತಾಳೋ, ನನ್ನ ಮೇಲಿನ ಸಿಟ್ಟಿಗೆ ಎಲ್ಲವನ್ನೂ ಬಿಟ್ಟು ಕೂರುತ್ತಾಳೋ ತಿಳಿಯುತ್ತಿಲ್ಲ. ನಿಮ್ಮ ಆಫೀಸಿನ ಕಡೆ ಬಂದರೆ ದಯವಿಟ್ಟು ಕೇಳಿ ಬರೆಯಿರಿ. ಅವಳು ಹೋಗಲಿ ಎಂದೇ ನನ್ನ ಆಸೆ.

ನಿಮ್ಮ,
ವಾಮದೇವಪ್ಪ


ಹರಿಹರ
೯ ಮೇ ೨೦೨೫

ಪ್ರಿಯ ವಾಮದೇವಪ್ಪನವರಿಗೆ,

ಹದಿನೇಳು ಸಾವಿರದ ಆರುನೂರು ರೂಪಾಯಿಯ ಚೆಕ್ಕು ಬಂದಿದೆ. ಪಾಲಿಸಿ ನಿನ್ನೆ ಆಯಿತು, ಈ ಕಾಗದದ ಜೊತೆಗಿದೆ. ಬಕ್ಕೇಶನದನ್ನು ಇನ್ನು ರದ್ದು ಮಾಡಿಸಬಹುದು.

ಕೃತಿಕಾ ಇತ್ತ ಬಂದಿಲ್ಲ. ನಾನು ಕೇಳುವ ಅಗತ್ಯವೂ ಬೀಳಲಿಲ್ಲ. ಹತ್ತನೇ ಪ್ರಶ್ನೆ, ವಾಹನವನ್ನು ಸಾಮಾನ್ಯವಾಗಿ ಓಡಿಸುವವರು ಯಾರು ಎಂಬುದು. ನೀವು ನೋಡಿಲ್ಲವೆಂದು ಕಾಣುತ್ತದೆ. ಅವಳು ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದಾಳೆ:

‘ಮೇ ೨೯ರವರೆಗೆ ಮಗಳು ಕೃತಿಕಾ. ಆಮೇಲೆ ಅವಳು ರಾಯಚೂರಿನಲ್ಲಿ ಕೆಲಸಕ್ಕೆ ಹಾಜರಾಗುತ್ತಾಳೆ. ಜುಲೈ ೧೨ರವರೆಗೆ ಗಾಡಿ ಮನೆಯಲ್ಲಿ ನಿಂತಿರುತ್ತದೆ. ಅಲ್ಲಿಂದ ಮುಂದೆ ಮಾಲೀಕರೇ ಓಡಿಸುತ್ತಾರೆ. ಕುಡಿದ ದಿನ ಓಡಿಸುವುದಿಲ್ಲ.’

ಇದರ ಕೆಳಗೆ ನಿಮ್ಮ ಸಹಿ ಇದೆ.

ಕೊನೆಯ ವಾಕ್ಯ ಕಂಪನಿಗೆ ಬೇಕಿಲ್ಲವೆಂದೂ ಹೊಡೆದುಹಾಕಿ ಕಳಿಸಬೇಕೆಂದೂ ಆಫೀಸಿನಿಂದ ಫೋನು ಮಾಡಿದ್ದರು. ಮಾಲೀಕರು ಒಪ್ಪಿ ಸಹಿ ಮಾಡಿದ್ದಾರೆ, ಇರಲಿ ಎಂದು ಹೇಳಿದೆ.

ನಿಮ್ಮ,
ಅಬ್ದುಲ್ ರಹೀಮ್